ನನ್ನ ಕಿವಿ ಮತ್ತು ಮಾವನವರ ಸ್ಪೀಕರು

ಹತ್ತು ಜನ ಮೆಚ್ಚಿಕೊಂಡದ್ದು ನಮಗೊಬ್ಬರಿಗೇ ರುಚಿಸದಿದ್ದರೆ ತಪ್ಪು ಯಾರದು? ಊಟದ ವಿಷಯವಾದರೆ ಉಪ್ಪು ಕಡಿಮೆ ಎಂದು ಹೇಳಿ ಪಾರಾಗಬಹುದು, ಕಿವಿಯ ವಿಷಯದಲ್ಲಿ ಏನು ಹೇಳುವುದು? ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ ಮಾವನವರು ಕೊಟ್ಟ ಎರಡು ಹಳೆಯ ಸ್ಪೀಕರುಗಳಿದ್ದವು. ತೇಗದ ದೊಡ್ಡ ಪೆಟ್ಟಿಗೆಗಳು. ಅವುಗಳ ಮೇಲೆ ಒಗೆದ ಬಟ್ಟೆ ಮಡಿಸಿಟ್ಟುಕೊಂಡು ನೆಮ್ಮದಿಯಾಗಿದ್ದೆವು. ಒಂದು ದಿನ ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಅನಂತರಾಯರು ಕಾಫಿಗೆ ಬಂದವರು, ಬಟ್ಟೆಗಳನ್ನು ತಾವೇ ಪಕ್ಕಕ್ಕಿಟ್ಟು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ಕಣ್ಣು ಮುಚ್ಚಿಕೊಂಡರು. ಇಂಥದ್ದು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಈಗಿನವೆಲ್ಲ ತಗಡಿನ ಸದ್ದಂತೆ, ಇದರದು ಮಾಗಿದ ನಾದವಂತೆ.

ಅಂದಿನಿಂದ ಕಚೇರಿಯಲ್ಲಿ ನನಗೆ ರಾಯರ ಪಕ್ಕದ ಕುರ್ಚಿ ಸಿಕ್ಕಿತು. ಭಾನುವಾರಗಳಲ್ಲಿ ವಿಜಯನಗರ, ಕೆಂಗೇರಿಗಳಿಂದ ಅವರ ಗೆಳೆಯರು ನಮ್ಮ ಮನೆಗೆ ಬಂದು, ಟೇಪ್ ರೆಕಾರ್ಡರಿಗೆ ಆ ಸ್ಪೀಕರುಗಳನ್ನು ಜೋಡಿಸಿ ಹಾಡು ಕೇಳತೊಡಗಿದರು. ಒಬ್ಬರಿಗೆ ವೀಣೆಯ ತಂತಿಯ ಮೇಲೆ ಬೆರಳು ಜಾರುವುದು ಕೇಳಿಸುತ್ತಿತ್ತು, ಇನ್ನೊಬ್ಬರಿಗೆ ಹಾಡುವವರು ಉಸಿರೆಳೆದುಕೊಳ್ಳುವುದು. ನನಗೆ ಹಾಡು ಕೇಳಿಸುತ್ತಿತ್ತು, ಅದೂ ಸ್ವಲ್ಪ ಗೊರಗೊರ ಎಂದು. ಎಲ್ಲಿ ತಲೆಯಾಡಿಸಬೇಕೆಂದು ತಿಳಿಯದೆ ರಾಯರ ತಲೆ ನೋಡಿ ನನ್ನದನ್ನು ಆಡಿಸುತ್ತಿದ್ದೆ. ಅಡುಗೆಮನೆ ಬಾಗಿಲಿನಿಂದ ಇದನ್ನೆಲ್ಲ ಗಮನಿಸುತ್ತಿದ್ದ ನನ್ನ ಹೆಂಡತಿ ಸುಶೀಲ ಕೊನೆಗೊಂದು ಷರತ್ತು ಹಾಕಿದಳು.

"ನಮ್ಮಪ್ಪಂದೇ ಆದ್ರೂ ಸರಿ, ನಿಮಗೆ ನಿಜವಾಗ್ಲೂ ಏನಾದ್ರೂ ವ್ಯತ್ಯಾಸ ಕೇಳಿಸಿದ್ರೆ ಇರ್ಲಿ. ಸುಮ್ನೆ ತಲೆ ಆಡ್ಸೋಕಾದ್ರೆ, ದಸರಾ ಆದ್ಮೇಲೆ ಗುಜರಿಯವನಿಗೆ ಕೊಟ್ಟುಬಿಡ್ತೀನಿ."

ಸ್ಪೀಕರು ಹೋದರೆ ರಾಯರ ಪಕ್ಕದ ಕುರ್ಚಿಯೂ ಹೋದ ಹಾಗೆಯೇ.

ಹಬ್ಬ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸಲು ಆ ಪೆಟ್ಟಿಗೆಗಳೇ ಆಧಾರ. ಅವುಗಳ ಮೇಲೆ ಹಲಗೆ ಜೋಡಿಸಿ, ಬಿಳಿ ಪಂಚೆ ಹೊದಿಸಿ ಸುಶೀಲ ಗೊಂಬೆ ಕೂರಿಸಿದ್ದಳು. ಟೇಪ್ ರೆಕಾರ್ಡರು ಗೊಂಬೆಗಳ ಹಿಂದೆ ಸೇರಿತ್ತು. ಗೊಂಬೆ ನೋಡುವ ನೆಪದಲ್ಲಿ ರಾಯರ ತಂಡ ಬಂದು ಚಾಪೆಯ ಮೇಲೆ ಕೂತಿತು, ಸುಶೀಲ ಒಂದು ಪಿಟೀಲಿನ ಕ್ಯಾಸೆಟ್ ಹಾಕಿದಳು. ಆವತ್ತು, ದೇವರಾಣೆಗೂ, ನನಗೆ ಕೇಳಿಸಿತು! ಗೊರಗೊರ ಮಾಯವಾಗಿ, ಕಮಾನು ತಂತಿಯ ಮೇಲೆ ಎಳೆಎಳೆಯಾಗಿ ಓಡಾಡಿತು. ಕಣ್ಣು ತುಂಬಿ ಬಂತು. ರಾಯರ ತಲೆಗಿಂತ ಮೊದಲೇ ನನ್ನ ತಲೆ ಆಡಿತ್ತು. ಪಂಚೆ ಹೊದಿಸಿದರೂ ಆ ಮರ ತನ್ನ ಗುಣ ಬಿಡುವುದಿಲ್ಲ ನೋಡಿ ಎಂದು ರಾಯರು ಗದ್ಗದಿತರಾದರು.

ಅವರೆಲ್ಲ ಉಸಲಿ ತಿಂದು ಹೊರಟ ಮೇಲೆ ಅಡುಗೆಮನೆಗೆ ಓಡಿದೆ. "ಕೇಳಿಸಿತು ಕಣೇ, ನನಗೂ ಕೇಳಿಸಿತು" ಎಂದೆ.

ಅವಳು ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಏನ್ರೀ ಕೇಳಿಸಿದ್ದು? ಆ ಸ್ಪೀಕರು ಗುಂ ಅಂದಾಗೆಲ್ಲ ಪಟ್ಟದ ಗೊಂಬೆ ಅಲ್ಲಾಡ್ತಿತ್ತು. ಅದಕ್ಕೇ ಬೆಳಿಗ್ಗೇನೇ ಎರಡೂ ವೈರು ಕಿತ್ತುಹಾಕಿದೀನಿ. ಹಾಡಿದ್ದು ಬರೀ ಟೇಪ್ ರೆಕಾರ್ಡರು."

ನನಗೆ ತಲೆಬುಡ ತಿಳಿಯಲಿಲ್ಲ. ವ್ಯತ್ಯಾಸ ಕೇಳಿಸಿದ್ದು ಸುಳ್ಳಲ್ಲ. ಆದರೆ ಅದು ಸ್ಪೀಕರು ಇದ್ದುದರಿಂದಲ್ಲ, ಇಲ್ಲದ್ದರಿಂದ. ಹಾಗಾದರೆ ಷರತ್ತಿನಲ್ಲಿ ಗೆದ್ದದ್ದೋ ಸೋತದ್ದೋ? ನನಗಿರುವುದು ಒಳ್ಳೆಯ ಕಿವಿಯೋ ಕೆಟ್ಟದ್ದೋ? ಸುಶೀಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸಾಕಾಗುವಷ್ಟು ನಕ್ಕು, ಹೋಗಲಿ, ಮುಂದಿನ ವರ್ಷವೂ ಗೊಂಬೆ ಕೂರಿಸಬೇಕಲ್ಲ, ಪೆಟ್ಟಿಗೆಗಳು ಇರಲಿ ಎಂದಳು.

ಹಬ್ಬದ ರಜೆ ಮುಗಿಸಿ ಕಚೇರಿಗೆ ಹೋದಾಗ, ಹಳೆಯ ಸ್ಪೀಕರಿನಲ್ಲಿ ಅಂಥದ್ದೇನಿದೆ ಎಂದು ಯಾರೋ ರಾಯರನ್ನು ಕೇಳಿದರು. ರಾಯರು ಬಾಯಿ ತೆರೆಯುವ ಮೊದಲೇ ನಾನು ಕಣ್ಣು ಮುಚ್ಚಿಕೊಂಡು ವಿವರಿಸಲು ತೊಡಗಿದ್ದೆ.