ನನ್ನ ಸೀಸದ ಗುಂಡಿನ ಅಡ್ಡದಾರಿ

ತಪ್ಪು ಯಾರದೆಂದು ತಿಳಿಯದಿದ್ದಾಗ ಅದನ್ನು ಸಲಕರಣೆಯ ತಲೆಗೆ ಕಟ್ಟುವುದು ಮನುಷ್ಯನ ಹಳೆಯ ಚಾಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ, ನೆಲವನ್ನೇ ಕಿತ್ತು ಹೊಸದು ಹಾಕಿಸಿದವನು. ನನ್ನ ವಿಷಯದಲ್ಲಿ ನೆಲವೆಂದರೆ ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡು.

ಸೌದಿಯ ಯಾನ್ಬುವಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ವಾರವಿಡೀ ನಟ್ಟು ಬೋಲ್ಟುಗಳ ನಡುವೆ ಇರುವ ನನಗೆ, ಶುಕ್ರವಾರ ಜುಮಾ ನಮಾಜ್ ಮುಗಿಸಿ, ಉಂಡು, ಕಡಲ ದಂಡೆಯಲ್ಲಿ ಗಾಳ ಹಾಕುವುದೊಂದೇ ಹವ್ಯಾಸ. ದಂಡೆಯಿಂದಾಚೆ ಎರಡು ಬಂಡೆಗಳ ನಡುವೆ ನೀರು ಕಪ್ಪಗೆ ಕಾಣುವ ಜಾಗವೊಂದಿದೆ. ದೊಡ್ಡ ಹಮೂರ್ ಮೀನುಗಳೆಲ್ಲ ಅಲ್ಲೇ. ಗುಂಡು ಅಲ್ಲಿ ಬೀಳಬೇಕು. ನನ್ನದು ಬಂಡೆಗೆ ಬಡಿಯುತ್ತದೆ, ಇಲ್ಲವೇ ಪಕ್ಕದಲ್ಲಿ ಕೂತ ಭಟ್ಕಳದ ಬಟ್ಟೆ ವ್ಯಾಪಾರಿ ಮುಸ್ತಫಾ ಸಾಹೇಬರ ದಾರಕ್ಕೆ ಸುತ್ತಿಕೊಳ್ಳುತ್ತದೆ. ಅವರು ಕಟ್ಟುವುದು ಕಾರಿನ ಹಳೆಯ ಸ್ಪಾರ್ಕ್ ಪ್ಲಗ್. ಅದು ಸೀದಾ ಹೋಗಿ ಬೀಳುತ್ತದೆ. ಯಾಕೆ ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟಿದೆ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಮಾವ ಉಮ್ರಾ ಯಾತ್ರೆಗೆ ಬರುವುದು ನಿಶ್ಚಯವಾಯಿತು. ಉಳ್ಳಾಲದ ಕಡಲಲ್ಲಿ ನಲವತ್ತು ವರ್ಷ ಬಲೆ ಎಳೆದವರು ಅವರು. "ಬಾಪ ಮಕ್ಕಾದಿಂದ ಸೀದಾ ಇಲ್ಲಿಗೇ ಬರ್ತಾರಂತೆ. ನೀವು ಮೀನು ಹಿಡಿಯುವುದನ್ನು ನೋಡ್ಬೇಕಂತೆ" ಎಂದಳು ಹೆಂಡತಿ ಜೊಹರಾ, ಹೆಮ್ಮೆಯಿಂದ. ಶುಕ್ರವಾರ ತಪ್ಪದೆ ನಾನು ಮೀನು ತರುತ್ತೇನೆಂದು ಅವಳು ತವರಿಗೆಲ್ಲ ಸಾರಿದ್ದಳು. ತರುವುದು ನಿಜ. ಎಲ್ಲಿಂದ ಎಂದು ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮಾವನ ಎದುರು ಮರ್ಯಾದೆ ಹೋಗುವ ಯೋಚನೆಯಿಂದಲೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಆಗ ಫೋನಿನ ವಿಡಿಯೋಗಳಲ್ಲಿ ಸಿಕ್ಕವರು ಯಾವುದೋ ಹಿಮದ ದೇಶದ ಗಡ್ಡದಜ್ಜ. ಜಿಂಕೆ ಬೇಟೆಯ ಕೋವಿಗೆ ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರೆಯುವವರು. ಗುರಿ ತಪ್ಪುವುದಕ್ಕೆ ಅವರು ಕೊಟ್ಟ ಕಾರಣಗಳೆಲ್ಲ ನನ್ನದೇ ಜಾತಕ ಓದಿದ ಹಾಗಿತ್ತು: ತೂಕದಲ್ಲಿ ವ್ಯತ್ಯಾಸ, ಒಳಗೆ ಗಾಳಿಗುಳ್ಳೆ, ಮೈಮೇಲೆ ಸುಕ್ಕು. ಕೋವಿ ಬೇರೆ, ಗಾಳ ಬೇರೆ ಅಲ್ಲವೇ ಎಂಬ ಸಣ್ಣ ಸಂಶಯ ಬಂತು. ಸೀಸ ಒಂದೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಟಯರ್ ಅಂಗಡಿಯಿಂದ ಚಕ್ರದ ತೂಕ ಸರಿದೂಗಿಸಲು ಹೊಡೆಯುವ ಸೀಸದ ಹಳೆಯ ತುಂಡುಗಳನ್ನು ತಂದು ಟೆರೇಸಿನಲ್ಲಿ ಕರಗಿಸಿ ಅಚ್ಚಿಗೆ ಎರೆದೆ. ಅಚ್ಚು ತಣ್ಣಗಿದ್ದರೆ ಗುಂಡಿಗೆ ಸುಕ್ಕು, ಬಿಸಿ ಹೆಚ್ಚಾದರೆ ಮೈ ಮಂಕು. ಮಂಕಾದರೆ ಒಳ್ಳೆಯದು ಎಂದು ಅಜ್ಜ ಒಂದು ವಿಡಿಯೋದಲ್ಲಿ ಹೇಳುತ್ತಾರೆ, ಇನ್ನೊಂದರಲ್ಲಿ ಬಿಸಾಡಿ ಎನ್ನುತ್ತಾರೆ. ಕೊನೆಗೆ ಮುಸ್ತಫಾ ಸಾಹೇಬರ ಪರಿಚಯದ ಚಿನ್ನದ ಅಂಗಡಿಯಲ್ಲಿ ಒಂದೊಂದನ್ನೂ ತೂಗಿಸಿದೆ. "ಎಂತ ಮಾರಾಯ, ಮೀನಿಗೆ ಸರ ಮಾಡಿಸ್ತೀಯಾ?" ಎಂದು ಸಾಹೇಬರು ನಕ್ಕರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದದ್ದನ್ನೂ ಮತ್ತೆ ಕರಗಿಸಿದೆ. ಒಂದೇ ತೂಕದ, ಒಂದೇ ಮೈಯ ಹನ್ನೆರಡು ಗುಂಡು ತಯಾರಾದವು. ಎಸೆದು ನೋಡಿದರೆ ಹನ್ನೆರಡೂ ಹನ್ನೆರಡು ದಿಕ್ಕಿಗೆ! ಮೊದಲಾದರೂ ಗುಂಡು ಕೆಟ್ಟದ್ದು ಎಂಬ ನೆಮ್ಮದಿಯಿತ್ತು. ಈಗ ಅದೂ ಹೋಯಿತು.

ಮಾವ ಬಂದೇಬಿಟ್ಟರು. ನಮ್ಮ ಬ್ಯಾರಿಗಳಲ್ಲಿ ಮದುವೆಯಾಗಿ ಎಷ್ಟು ವರ್ಷವಾದರೂ ಅಳಿಯ ಪುದಿಯಾಪ್ಳೆಯೇ, ಅಂದರೆ ಹೊಸ ಮದುಮಗ. ಅವನ ತಪ್ಪನ್ನು ಮಾವನಾದವರು ಎತ್ತಿ ಆಡುವುದಿಲ್ಲ. ದಂಡೆಯಲ್ಲಿ ನನ್ನ ಐದು ಎಸೆತಗಳನ್ನು ಅವರು ತಸ್ಬೀಹ್ ಮಣಿ ಸರಿಸುತ್ತಾ ಸುಮ್ಮನೆ ನೋಡಿದರು. ಆರನೆಯದಕ್ಕೆ ತಡೆಯಲಾಗಲಿಲ್ಲ.

"ಪುದಿಯಾಪ್ಳೆ, ತಪ್ಪು ತಿಳ್ಕೊಳ್ಬೇಡಿ. ಎಸೆಯುವಾಗ ಬಿಸ್ಮಿಲ್ಲಾ ಹೇಳ್ತೀರಲ್ಲ, ಅದು ಒಳ್ಳೆದು. ಕಣ್ಣು ಯಾಕೆ ಮುಚ್ತೀರಿ?"

ನಾನು ಕಣ್ಣು ಮುಚ್ಚುತ್ತೇನೆಯೇ? ದಿಕ್ಕು ತೋಚದೆ ಮುಸ್ತಫಾ ಸಾಹೇಬರ ಕಡೆ ತಿರುಗಿದೆ. "ಐದು ವರ್ಷದಿಂದ ಮುಚ್ತಿದ್ದೀಯ ಮಾರಾಯ" ಎಂದರು ಅವರು. "ದುವಾ ಮಾಡ್ತೀಯ ಅಂತ ನಾನು ಮಾತಾಡಲಿಲ್ಲ."

ಕಣ್ಣು ಬಿಟ್ಟುಕೊಂಡು ಏಳನೆಯದನ್ನು ಎಸೆದೆ. ನನ್ನದೇ ಗುಂಡು ಹಾರುವುದನ್ನು ಜೀವಮಾನದಲ್ಲಿ ಮೊದಲ ಸಲ ನೋಡಿ ಎಷ್ಟು ಮೈಮರೆತೆನೆಂದರೆ, ದಾರ ಸಡಿಲ ಬಿಡುವುದನ್ನೇ ಮರೆತೆ. ದಾರ ಪಟ್ಟೆಂದು ಕಡಿಯಿತು. ಗುಂಡೊಂದೇ ಹಾರಿಹೋಗಿ ಎರಡು ಬಂಡೆಗಳ ನಟ್ಟನಡುವೆ ಬಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

"ಗುರಿ ಚಂದ ಉಂಟು" ಎಂದರು ಮಾವ, ಮರ್ಯಾದೆ ಬಿಡದೆ. ಆಮೇಲೆ ಮುಳುಗುತ್ತಿದ್ದ ಸೂರ್ಯನನ್ನು ನೋಡಿ ಮೆಲ್ಲಗೆ ಕೇಳಿದರು: "ಜೊಹರಾ ಮಸಾಲೆ ಕಡೆದು ಕಾಯ್ತಿರ್ತಾಳೆ. ಇಲ್ಲಿ ಮೀನಿನ ಮಾರ್ಕೆಟ್ ಎಷ್ಟೊತ್ತಿಗೆ ಬಂದ್ ಆಗ್ತದೆ?"

"ರಾತ್ರಿ ಇಶಾ ನಮಾಜ್ ಆಗಿ ಅರ್ಧ ಗಂಟೆಗೆ. ಬಲಗಡೆ ಮೂರನೇ ಅಂಗಡಿಯವನು ಸ್ವಲ್ಪ ಹೆಚ್ಚು ಹೊತ್ತು ಇರ್ತಾನೆ. ಕ್ಲೀನ್ ಮಾಡ್ಬೇಡ ಅಂದ್ರೆ ಹಾಗೇ ಇಡೀ ಮೀನು ಕೊಡ್ತಾನೆ, ಬಾಯಿಗೆ ಗಾಳ ಚುಚ್ಚಿಯೂ ಕೊಡ್ತಾನೆ" ಎಂದೆ.

ಅಷ್ಟು ವರ್ಷಗಳ ಗೊಂದಲದಲ್ಲಿ ನಾನು ಒಂದಿಷ್ಟೂ ತಡವರಿಸದೆ ಕೊಟ್ಟ ಉತ್ತರ ಅದೊಂದೇ.