ನೂರು ಗಜದೊಳಗಿನ ನವಿಲು

"ಅತ್ತಿಗುಪ್ಪೆ ಸ್ಕೂಲಿಗೆ ಯಾವ ಕಡೆ ಹೋಗಬೇಕಪ್ಪಾ?"

ರಾಗಿ ಹುಲ್ಲಿನ ಬಣವೆ ಪಕ್ಕ ಬೀಡಿ ಸೇದುತ್ತಾ ಕೂತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಲೆಕ್ಷನ್ನಿಗಾ?" ಅಂದ.

"ಹೌದು."

"ಹಂಗಾರೆ ಹೇಳಂಗಿಲ್ಲ ಕಣವ್ವ."

ರಂಗೂನಿನ ಗಲ್ಲಿಗಳಲ್ಲಿ, ಕೊಲಂಬೊ ಬಂದರಿನಲ್ಲಿ, ಕರಾಚಿಯ ಪೇಟೆಯಲ್ಲಿ ಬರೀ ಕೈಸನ್ನೆ ಮಾಡಿ ದಾರಿ ಕಂಡುಕೊಂಡವಳು ನಾನು. ನನ್ನ ಮಾತನ್ನೇ ಆಡುವ ಊರಿನಲ್ಲಿ, ನನ್ನ ಭಾಷೆಯಲ್ಲೇ ಕೇಳಿ, ದಾರಿ ಸಿಗದೆ ನಿಂತದ್ದು ಅದೇ ಮೊದಲು. ರಾಜಾಜಿನಗರದ ಮನೆಯಿಂದ ಹೊಸಹಳ್ಳಿ ತನಕ ಜಟಕಾ ಸಿಕ್ಕಿತ್ತು. ಅಲ್ಲಿಂದ ಅಡ್ಡದಾರಿ ಹಿಡಿಯೋಣ ಅಂತ ಹೊಲಕ್ಕಿಳಿದವಳು ಸುತ್ತಿ ಸುತ್ತಿ ಎರಡು ಸಲ ಮಾರೇನಹಳ್ಳಿಗೇ ಬಂದಿದ್ದೆ.

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೋ ಕಾಣೆ. ಸರ್ಕಾರದ ರೂಲು ಎಲ್ಲೇ ಕಾಲು ಜಾರಿ ಬಿದ್ದರೂ ಕೆಳಗೆ ನಾನೇ ನಿಂತಿರುತ್ತೇನೆ.

"ಯಾಕಪ್ಪಾ ಹೇಳಂಗಿಲ್ಲ?"

"ನೆನ್ನೆ ತಮಟೆ ಹೊಡೆದು ಸಾರವ್ರೆ. ಬೂತಿನ ತಾವ ಯಾರೂ ಯಾರಿಗೂ ಏನೂ ಹೇಳ್ಕೊಡಬಾರದು, ಹೇಳಿದ್ರೆ ಹಿಡ್ಕಂಡು ಹೋಯ್ತಾರೆ ಅಂತ."

"ಬೂತು ಇಲ್ಲಿಂದ ದೂರ ಇದೆಯಲ್ಲಪ್ಪಾ?"

"ಎಷ್ಟು ದೂರ ಅಂತ ಹೇಳಿದ್ರೆ ದಾರಿ ಹೇಳ್ದಂಗೇ ಆಯ್ತದಲ್ಲ!" ಅಂದು ಅವನು ಬೀಡಿ ಆರಿಸಿ ಆ ಕಡೆ ತಿರುಗಿ ಕೂತ.

ಅಷ್ಟರಲ್ಲಿ ಹಿಂದಿನಿಂದ ಒಂದು ಮುದುಕಿ ಬಂತು. "ಅವನ ಮಾತೇನು ಕೇಳ್ತೀಯಾ, ಬಾರವ್ವ. ನಾನೂ ಅಲ್ಲಿಗೇ ಹೋಯ್ತಾ ಇವ್ನಿ" ಅಂದು ಮುಂದೆ ನಡೆಯಿತು.

ದಾರಿಯುದ್ದಕ್ಕೂ ಅಜ್ಜಿಯದು ಒಂದೇ ಮಾತು. ಹಿಂದಿನ ಎಲೆಕ್ಷನ್ನಿನಲ್ಲಿ ಹೆಸರು ಬರೆದುಕೊಳ್ಳಲು ಬಂದವರಿಗೆ ತನ್ನ ಹೆಸರು ಹೇಳಲು ನಾಚಿ, ಇಂಥವನ ಅವ್ವ ಅಂತಷ್ಟೇ ಹೇಳಿತ್ತಂತೆ. ಯಾರದೋ ಅವ್ವ, ಯಾರದೋ ಹೆಂಡತಿ ಅಂತ ಇದ್ದವರನ್ನೆಲ್ಲ ಸರ್ಕಾರ ಪಟ್ಟಿಯಿಂದ ಹೊಡೆದುಹಾಕಿತು. ಅಜ್ಜಿಯ ವಾರಗಿತ್ತಿ ಮಾತ್ರ ಹೆಸರು ಹೇಳಿ, ಓಟು ಹಾಕಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದಳು. "ಮಸಿ ಹೋದ್ರೂ ಅವಳ ಬೆರಳು ಇಳಿಲಿಲ್ಲ ಕಣವ್ವ. ಅವತ್ತಿಂದ ಎತ್ತಿ ಎತ್ತಿ ತೋರ್ಸಿ ಆಡ್ಕಂಡವ್ಳೆ. ಈ ಸಲ ಮೂರು ಕಿತಾ ಕೂಗಿ ಹೆಸರು ಹೇಳಿವ್ನಿ. ಓಟು ಹಾಕ್ದೆ ಮನೆಗೆ ಹೋಗಕ್ಕಿಲ್ಲ."

ಸ್ಕೂಲಿನ ಹೆಂಚು ಕಾಣಿಸಿದಾಗ, "ದಾರಿ ತೋರಿಸಿದ ಋಣ ನನ್ನ ಮೇಲಿದೆ ಅಜ್ಜಿ" ಅಂದೆ.

"ಇರ್ಲಿ ಬುಡು. ಒಳಗೆ ನಾನು ದಾರಿ ತಪ್ಪಿದ್ರೆ ನೀನು ತೋರ್ಸು."

ಸುಣ್ಣದ ಗೆರೆ

ಹೆಂಗಸರ ಸಾಲಿಗೆ ಹೆಂಗಸೇ ಬೇಕೆಂದು ನನ್ನಂಥ ಟೀಚರುಗಳನ್ನು ಹಿಡಿದು ಪೋಲಿಂಗ್ ಆಫೀಸರು ಮಾಡಿದ್ದರು. ಬೆರಳಿಗೆ ಮಸಿ ಹಚ್ಚಿ ಚೀಟಿ ಕೊಡುವುದು ನನ್ನ ಕೆಲಸ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಓಟು. ಆ ಊರಿನಲ್ಲಿ ಅವತ್ತು ಮೂರು ಗುರುತು: ಕೊಡೆ, ಲಾಟೀನು, ನವಿಲು.

ನಮ್ಮ ಮೇಲಧಿಕಾರಿ ತಾಲ್ಲೂಕು ಕಚೇರಿಯ ಶಿರಸ್ತೇದಾರರು. ರೂಲಿನ ಪುಸ್ತಕವನ್ನು ಎದೆಗವಚಿಕೊಂಡೇ ಓಡಾಡುತ್ತಿದ್ದರು. ಮತಗಟ್ಟೆಯಿಂದ ನೂರು ಗಜದೊಳಗೆ ಪ್ರಚಾರದ ಮಾತಿರಬಾರದು, ಗುರುತಿರಬಾರದು, ಗುರುತಿನ ಬಟ್ಟೆಯೂ ಇರಬಾರದು. ಹಗ್ಗ ಹಿಡಿಸಿ, ಅಳತೆ ಮಾಡಿಸಿ, ಸುತ್ತಲೂ ಸುಣ್ಣದ ಗೆರೆ ಎಳೆಸಿದರು.

ಗೆರೆ ಒಂದು ಮನೆಯ ನಡುವೆಯೇ ಹಾದುಹೋಯಿತು. ಜಗಲಿ ಗೆರೆಯಿಂದ ಆಚೆ, ಅಡುಗೆಮನೆ ಈಚೆ. ಆ ಮನೆಯ ಅತ್ತೆ ಲಾಟೀನಿನವರ ಕಡೆ, ಬಾಯಿ ಬೇರೆ ದೊಡ್ಡದು. ಬೆಳಗ್ಗೆಯಿಂದ ಜಗಲಿ ಮೇಲೆ ನಿಂತು ಹೋಗಿಬರುವವರಿಗೆಲ್ಲ ಲಾಟೀನು ಲಾಟೀನು ಅಂತ ಕೂಗುತ್ತಿದ್ದಳು. ಸೊಸೆಯನ್ನು ಬೈಯಲು ಒಳಗೆ ಹೋದಾಗಲೂ ಅದೇ ಕೂಗು. ಶಿರಸ್ತೇದಾರರು ಪೊಲೀಸಿನವನನ್ನು ಕಳಿಸಿದರು.

"ನೋಡಮ್ಮಾ, ಜಗಲಿ ಮೇಲೆ ಏನು ಬೇಕಾದರೂ ಅನ್ನು. ಹೊಸಿಲು ದಾಟಿ ಒಳಗೆ ಬಂದ್ಯೋ, ಬಾಯಿ ಮುಚ್ಕೊಂಡಿರಬೇಕು. ಕಾನೂನು."

"ನನ್ನ ಸೊಸೇನ ಬೈಯೋಕೂ ಕಾನೂನಾ?"

"ನೀನು ಬೈಗುಳದ ಮಧ್ಯೆ ಲಾಟೀನು ಸೇರಿಸ್ತೀಯ. ಒಟ್ಟು ಬಾಯಿ ತೆಗೀಬೇಡ."

ಅವತ್ತು ಆ ಮನೆಯ ಅಡುಗೆಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಮುದ್ದೆ ತಿರುವುವ ಸದ್ದು ನಮ್ಮ ತನಕ ಕೇಳಿಸುತ್ತಿತ್ತು. ಮಧ್ಯಾಹ್ನ ಓಟು ಹಾಕಲು ಬಂದ ಸೊಸೆ ನನ್ನ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು: "ಅಕ್ಕಾ, ಈ ಎಲೆಕ್ಷನ್ನು ವರ್ಷಕ್ಕೆ ಎಷ್ಟು ಸಲ ಬತ್ತದೆ?"

ಕೊಡೆ ಕೆಳಗಿಡಿ

ಬೆಳಗ್ಗೆ ಬಾಗಿಲು ತೆಗೆದಾಗ, ನನಗೆ ದಾರಿ ತೋರಿಸಿದ ಅಜ್ಜಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿತ್ತು. ಮಸಿಗೆಂದು ಎಡಗೈ ಚಾಚಿದ್ದೇ ತಡ, ಕೊಡೆ ಗುರುತಿನವರ ಏಜೆಂಟು ಬೆಂಚಿನಿಂದ ಜಿಗಿದೆದ್ದ.

"ಅಬ್ಜೆಕ್ಷನ್ ಸಾರ್! ಕೈ ಮೇಲೆ ನವಿಲು!"

ನಿಜವೇ. ಮುಂಗೈಯಿಂದ ಮೊಳಕೈ ತನಕ ಹಸಿರು ಹಚ್ಚೆಯ ನವಿಲು, ಬಾಲ ಬಿಚ್ಚಿ ನಿಂತಿತ್ತು. ಮದುವೆಗೆ ಮುಂಚೆ ಅಜ್ಜಿಯ ಅವ್ವ ಕೊರವಂಜಿಯ ಕೈಲಿ ಹುಯ್ಯಿಸಿದ್ದಂತೆ.

ಶಿರಸ್ತೇದಾರರು ಪುಸ್ತಕ ತೆಗೆದರು. ಬಟ್ಟೆಯಾದರೆ ಬಿಚ್ಚಿ ಬರಲಿ ಎನ್ನಬಹುದು, ಚರ್ಮಕ್ಕೆ ಏನನ್ನುವುದು? ಬಹಳ ಹೊತ್ತು ಯೋಚಿಸಿ, "ಮುಚ್ಚಿಕೊಂಡು ಬರಲಿ" ಅಂದರು. ಅಜ್ಜಿ ಗೊಣಗಿಕೊಂಡು ಹೋಯಿತು.

ಇದನ್ನು ನೋಡಿ ನವಿಲಿನ ಏಜೆಂಟಿಗೆ ರೋಷ ಬಂತು. "ಹಂಗಾದರೆ ಬಿಸಿಲಿಗೆ ಕೊಡೆ ಹಿಡ್ಕೊಂಡು ಬರ್ತಾ ಇದಾರಲ್ಲ ಸಾರ್, ಅದು ಪ್ರಚಾರ ಅಲ್ವಾ?"

ನ್ಯಾಯವಾದ ಪ್ರಶ್ನೆ. ಕೊಡೆ ತಂದವರೆಲ್ಲ ಗೆರೆಯಾಚೆಯೇ ಇಟ್ಟು ಬರಬೇಕೆಂದು ಅಪ್ಪಣೆಯಾಯಿತು. ಮಡಿಸಿಟ್ಟರೆ ಒಂದರೊಳಗೊಂದು ಸಿಕ್ಕಿಕೊಂಡು ಕಡ್ಡಿ ಮುರಿಯುತ್ತದೆ ಅಂತ ಹೆಂಗಸರು ಬಿಚ್ಚಿಯೇ ಇಟ್ಟರು. ಹನ್ನೊಂದು ಗಂಟೆಯ ಹೊತ್ತಿಗೆ ಹೊಂಗೆ ಮರದ ಕೆಳಗೆ ಕೊಡೆಗಳ ಗುಡ್ಡೆ. ರಸ್ತೆಯಲ್ಲಿ ಹೋಗುವ ಗಾಡಿಯವರೆಲ್ಲ ನಿಲ್ಲಿಸಿ ನೋಡತೊಡಗಿದರು.

ಕೊಡೆ ಗುರುತಿನ ಅಭ್ಯರ್ಥಿ ಬಂದ. ಗೆರೆಯಾಚೆ ನಿಂತು ಗುಡ್ಡೆಯನ್ನು ಕಣ್ತುಂಬ ನೋಡಿ, ಶಿರಸ್ತೇದಾರರಿಗೆ ದೂರದಿಂದಲೇ ಕೈಮುಗಿದ. "ಒಂದು ತಿಂಗಳು ಬೀದಿ ಬೀದಿ ಸುತ್ತಿದೆ ಸಾರ್. ನೀವು ಕೂತಲ್ಲೇ ಮಾಡಿದಿರಿ."

ಒಂದರ ಕೆಳಗೊಂದು

ಅಜ್ಜಿ ಮತ್ತೆ ಬಂತು. ಈ ಸಲ ಕೈಗೆಲ್ಲ ಅರಿಸಿನ ಮೆತ್ತಿಕೊಂಡಿತ್ತು. ಹಸಿರಿಗೆ ಹಳದಿ ಸೇರಿ ನವಿಲು ಮುಂಚಿಗಿಂತ ಚೆಲುವಾಗಿ ಹೊಳೆಯುತ್ತಿತ್ತು. ವಾಪಸ್ಸು ಕಳಿಸಿದರು.

ಆ ಗಲಾಟೆಯ ನಡುವೆ ಗಂಡಸರ ಸಾಲಿನಲ್ಲಿ ಒಬ್ಬ ರೈತ ಬಂದ. ಉಟ್ಟ ಪಂಚೆಯ ತುಂಬ ಕೊಡೆಗಳ ಅಚ್ಚು. ಪ್ರಚಾರಕ್ಕೆಂದು ಹಂಚಿದ ಬಟ್ಟೆ.

"ಅದನ್ನ ಬಿಚ್ಚಿಟ್ಟು ಬಾರಯ್ಯ" ಅಂದರು ಶಿರಸ್ತೇದಾರರು.

"ಬಿಚ್ಚಬೌದು ಸಾಮಿ" ಅಂದ ಅವನು ತಲೆ ಕೆರೆದುಕೊಂಡು. "ಆದ್ರೆ ಒಳಗೆ ಲಾಟೀನು ಐತೆ."

"ಏನು ಹಾಗಂದರೆ?"

"ಅವರೂ ಒಂದು ಕೊಟ್ರು. ಇವರದು ಉಟ್ಟು ಅವರದು ಬುಟ್ರೆ ಬೇಜಾರ್ ಮಾಡ್ಕೋತಾರೆ ಅಂತ ಎಲ್ಡೂ ಉಟ್ಕೊಂಡೆ."

"ಅದನ್ನೂ ಬಿಚ್ಚಿದರೆ?"

ಅವನು ಹೆಂಗಸರ ಸಾಲಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, "ಅದರೊಳಗೆ ಯಾವ ಪಾರ್ಟಿನೂ ಇಲ್ಲ ಸಾಮಿ" ಅಂದ.

ಕೊನೆಗೆ ಮತಪೆಟ್ಟಿಗೆ ತುಂಬಿಕೊಂಡು ಬಂದಿದ್ದ ಗೋಣಿಚೀಲವೊಂದನ್ನು ಕೊಟ್ಟರು. ಅದನ್ನು ಸುತ್ತಿಕೊಂಡು ಗತ್ತಿನಿಂದ ಬಂದು ಓಟು ಹಾಕಿದ. ಚೀಲದ ಮೇಲೆ ಹಿಂಭಾಗಕ್ಕೆ ಸರಿಯಾಗಿ 'ಸರ್ಕಾರದ ಸ್ವತ್ತು' ಎಂದು ಮುದ್ರೆ ಇತ್ತು. ಲಾಟೀನಿನ ಏಜೆಂಟು ನೋಡಿ ನಿಟ್ಟುಸಿರಿಟ್ಟ: "ನಾವು ಬಟ್ಟೆ ಕೊಟ್ಟದ್ದೇ ಬಂತು. ಕೊನೆಗೆ ಆಳೇ ಸರ್ಕಾರದ ಪಾಲಾದ."

ಹಕ್ಕಿ

ಸಂಜೆ ಬಾಗಿಲು ಮುಚ್ಚುವ ಹೊತ್ತು ಹತ್ತಿರ ಬಂತು. ಅಜ್ಜಿ ಮತ್ತೆ ಹಾಜರು. ಈ ಸಲ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿತ್ತು. ಅಬ್ಬಾ, ಮುಗಿಯಿತು ಅಂದುಕೊಂಡೆ. ಬಟ್ಟೆಯ ಮಡಿಕೆಯಿಂದ ಒಂದು ಲಾಟೀನು ಇಣುಕಿತು. ಗೋಣಿಚೀಲದವನು ಬಿಚ್ಚಿಟ್ಟು ಹೋದ ಪಂಚೆಯ ತುಂಡು! ಮೂವರು ಏಜೆಂಟರೂ ಒಟ್ಟಿಗೆ ಎದ್ದು ಅಬ್ಜೆಕ್ಷನ್ ಅಂದರು. ಲಾಟೀನಿನವನಿಗೆ ತನ್ನ ಗುರುತನ್ನು ನವಿಲಿಗೆ ಹೊದಿಸಿದ್ದೇ ಸಿಟ್ಟು. ಬೆಳಗ್ಗೆಯಿಂದ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಅಜ್ಜಿ ಬಟ್ಟೆ ಬಿಚ್ಚಿ ನೆಲಕ್ಕೆಸೆದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿತು. ಹೊರಗೆ ಕಿಟಕಿಯ ಹತ್ತಿರ ಆ ವಾರಗಿತ್ತಿ ನಿಂತಿದ್ದಳು. ಮಸಿ ಹತ್ತಿದ ಬೆರಳನ್ನು ಎತ್ತಿ ಹಿಡಿದಿದ್ದಳು.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅಜ್ಜಿಯ ಕೈ ಹಿಡಿದು ಎಬ್ಬಿಸಿದೆ. ಎಬ್ಬಿಸುವಾಗ, ಬೆಳಗ್ಗೆಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಸೆರಗು ಬಿಚ್ಚಿಕೊಂಡು ಹರಡಿತು.

"ಅಯ್ಯಯ್ಯೋ ಸಾರ್!" ಅಂದ ಕೊಡೆಯ ಏಜೆಂಟು.

ಮೊದಲ ಸಲ ಎಲೆಕ್ಷನ್ ಕೆಲಸ, ಹಬ್ಬದ ಹಾಗಿರಲಿ ಅಂತ ಕಾಶಿಯಲ್ಲಿ ಕೊಂಡಿದ್ದ ಸೀರೆ ಉಟ್ಟಿದ್ದೆ. ಸೆರಗಿನ ತುಂಬ ಜರಿಯ ನವಿಲುಗಳು. ಅಂಚಿನಲ್ಲಿ ಅವುಗಳ ಮರಿಗಳು. ಕಾಶಿಯಲ್ಲಿ ಕೊಳ್ಳುವಾಗ ಅವು ಯಾವ ಪಕ್ಷದವೆಂದು ಕೇಳಿರಲಿಲ್ಲ.

ಶಿರಸ್ತೇದಾರರ ಮುಖ ಬಿಳುಪೇರಿತು. ಪುಸ್ತಕ ಕೈಯಿಂದ ಜಾರಿತು. "ಏನಮ್ಮಾ ಟೀಚರಮ್ಮಾ ಇದು! ನಾನು ರಿಪೋರ್ಟ್ ಬರೀಲೇಬೇಕಾಗುತ್ತೆ!"

"ಬರೀರಿ ಸಾರ್" ಅಂದೆ. ನಾಲಿಗೆ ನನಗಿಂತ ಮುಂದೆ ಹೋಗಿಬಿಟ್ಟಿತ್ತು. "ಬೆಳಗ್ಗೆಯಿಂದ ಈ ಊರಿನ ಹೆಂಗಸರೆಲ್ಲ ಈ ನವಿಲುಗಳ ಕೈಯಿಂದಲೇ ಮಸಿ ಹಚ್ಚಿಸಿಕೊಂಡಿದ್ದಾರೆ. ಅವರ ಓಟೆಲ್ಲ ಮತ್ತೆ ಹಾಕಿಸೋಣ. ಈ ಏಜೆಂಟರ ಹೆಂಡತಿ, ತಾಯಿ, ಅತ್ತೆ ಎಲ್ಲರದ್ದೂ."

ಏಜೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಮನೆಯ ಹೆಂಗಸರನ್ನು ಇನ್ನೊಂದು ಸಲ ಒಪ್ಪಿಸಿ ಕರೆತರುವ ಚಿತ್ರ ಮೂವರ ಕಣ್ಣ ಮುಂದೂ ಬಂದಿರಬೇಕು. ಕೊಡೆಯವನು ಬಗ್ಗಿ ನನ್ನ ಸೆರಗನ್ನು ಮತ್ತೊಮ್ಮೆ ಪರೀಕ್ಷಿಸಿದ.

"ನವಿಲಲ್ಲ ಸಾರ್. ಕೋಳಿ."

"ಕೋಳಿನೇ" ಅಂದ ಲಾಟೀನಿನವನು.

ನವಿಲಿನವನು ಬಾಯಿ ತೆರೆದ. ಅವನ ಅತ್ತೆ ಕಿಟಕಿಯಾಚೆ ನಿಂತಿದ್ದಳು. ಬಾಯಿ ಮುಚ್ಚಿದ. "ಜುಟ್ಟಿರೋ ಕೋಳಿ" ಅಂದ.

ಶಿರಸ್ತೇದಾರರಿಗೆ ಹೋದ ಜೀವ ಬಂತು. 'ಪೋಲಿಂಗ್ ಆಫೀಸರ ಸೀರೆಯ ಮೇಲೆ ಕೋಳಿಗಳು, ಯಾರದೂ ತಕರಾರಿಲ್ಲ' ಎಂದು ಬರೆದು ಮೂವರ ರುಜು ಹಾಕಿಸಿದರು. ಕೊಡೆಯವನಿಗೆ ಒಮ್ಮೆಲೇ ಔದಾರ್ಯ ಬಂತು. "ಅಜ್ಜಿ ಕೈ ಮೇಲಿರೋದೂ ಕೋಳಿನೇ ಅಂತ ಬರ್ಕೊಳಿ ಸಾರ್. ಓಟು ಹಾಕಿ ಹೋಗ್ಲಿ."

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಅಜ್ಜಿ ಸಿಡಿದೆದ್ದಿತು.

"ಯಾವನ್ಲಾ ಕೋಳಿ ಅಂದೋನು? ನಮ್ಮವ್ವ ನನ್ನ ಕೈ ಅದುಮಿ ಹಿಡ್ಕಂಡು, ತಾನೂ ಅತ್ಕಂಡು ಹುಯ್ಸಿದ್ದು ಇದು! ಸತ್ತಾಗ ನನ್ನ ಜತೆ ಬರೋದು ಇದೊಂದೇಯ. ನವಿಲು ಕಣ್ಲಾ, ನವಿಲು!"

"ಅಜ್ಜಿ, ಸುಮ್ಮನೆ ಕೋಳಿ ಅನ್ನಿ" ಅಂತ ಶಿರಸ್ತೇದಾರರು ಕೈ ಮುಗಿದರು. "ಒಂದೇ ಒಂದು ಸಲ. ಬಾಗಿಲು ಮುಚ್ಚೋ ಹೊತ್ತಾಯ್ತು."

"ಓಟು ಹೋದ್ರೆ ಹೋಗ್ಲಿ. ಕೋಳಿ ಅನ್ನಕ್ಕಿಲ್ಲ."

ಕಿಟಕಿಯಲ್ಲಿ ವಾರಗಿತ್ತಿಯ ಬೆರಳು ಇನ್ನಷ್ಟು ಮೇಲೇರಿತು. ಅಜ್ಜಿಯ ಕಣ್ಣಲ್ಲಿ ನೀರು ನಿಂತಿತ್ತು, ಕತ್ತು ಮಾತ್ರ ಬಗ್ಗಲಿಲ್ಲ.

ಆಗ ನನಗೆ ಹೊಳೆಯಿತು. ನನ್ನ ಸೆರಗನ್ನು ಎಳೆದು ಅಜ್ಜಿಯ ಕೈಗೆ ಭುಜದಿಂದ ಬೆರಳಿನ ಬುಡದ ತನಕ ಸುತ್ತಿದೆ. "ಸಾರ್, ಅಜ್ಜಿಯ ನವಿಲು ನವಿಲೇ. ಈಗ ಅದು ಮುಚ್ಚಿದೆ. ಅದನ್ನು ಮುಚ್ಚಿರುವುದು ಕೋಳಿ. ಕೋಳಿಗೆ ತಕರಾರಿಲ್ಲ ಅಂತ ಈಗ ತಾನೇ ಮೂವರೂ ರುಜು ಹಾಕಿದ್ದಾರೆ."

ಶಿರಸ್ತೇದಾರರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಕೋಳಿಯಿಂದ ನವಿಲನ್ನು ಮುಚ್ಚಬಾರದೆಂದು ಎಲ್ಲೂ ಬರೆದಿರಲಿಲ್ಲ.

ಬೆರಳಿಗೆ ಮಸಿ ಹಚ್ಚಿದೆ. ಚೀಟಿ ಕೊಟ್ಟೆ. ಒಂದೇ ಸೀರೆಯೊಳಗೆ ಸಿಕ್ಕಿಕೊಂಡವರಂತೆ ಇಬ್ಬರೂ ಪರದೆಯ ತನಕ ನಡೆದೆವು. ಅಲ್ಲಿ ಸೆರಗು ಬಿಡಿಸಿ, "ಇಲ್ಲಿಂದ ಒಳಗೆ ನೀವೊಬ್ಬರೇ ಹೋಗಬೇಕು ಅಜ್ಜಿ. ಇದೇ ದಾರಿ" ಅಂದೆ.

ಹೊರಗೆ ಬಂದ ಅಜ್ಜಿ ಯಾರ ಜೊತೆಯೂ ಮಾತಾಡಲಿಲ್ಲ. ಮೊದಲು ವಾರಗಿತ್ತಿಯ ಮುಂದೆ ನಿಂತು, ಬೆರಳನ್ನು ಅವಳ ಮೂಗಿಗೆ ತಾಕುವಷ್ಟು ಹತ್ತಿರ ಹಿಡಿಯಿತು. ಆಮೇಲೆ ನೆಟ್ಟಗೆ ಸುಣ್ಣದ ಗೆರೆಯ ತನಕ ನಡೆದು, ಸೀರೆ ಎತ್ತಿ ಹಿಡಿದು ಹುಷಾರಾಗಿ ದಾಟಿ, ತಿರುಗಿ ನಿಂತಿತು. ಬಾಗಿಲು ಮುಚ್ಚಿಸಿ ನಾವೂ ಹೊರಗೆ ಬಂದಿದ್ದೆವು. ಏಜೆಂಟರೂ ಇದ್ದರು.

"ಈಗ ಮಾತಾಡಬೌದಾ?"

"ಧಾರಾಳವಾಗಿ" ಅಂದೆ. "ಬೆಳಗ್ಗೆ ದಾರಿ ತೋರಿಸಿದ ಋಣ ತೀರಿತಾ ಅಜ್ಜಿ?"

"ತೀರ್ತು ಕಣವ್ವ. ಆದ್ರೆ ನಿಮ್ಮ ಪೆಟ್ಟಿಗೆ ಮೇಲೆ ನವಿಲು ಅಂತ ಬರ್ದವ್ರಲ್ಲ, ಅದೂ ಒಂದು ನವಿಲಾ? ಕೋಳಿ ಅಂದ್ರೆ ಅದು! ನನ್ನ ಕೈ ನೋಡಿದೆ, ಅದನ್ನ ನೋಡಿದೆ, ಮನಸ್ಸು ಬರ್ಲಿಲ್ಲ." ಕೊಡೆಯ ಏಜೆಂಟಿನ ಕಡೆ ಮಸಿಯ ಬೆರಳು ತೋರಿಸಿ ಅಜ್ಜಿ ಹೇಳಿತು: "ಅದಕ್ಕೇ ಈ ಮುಟ್ಠಾಳನ ಕೊಡೆಗೇ ಹಾಕ್ಬುಟ್ಟೆ."