ಬೇರಿಂಗು ಬದಲಾಯಿಸಿದ ತಪ್ಪಿಗೆ

ವಸ್ತು ಕೆಟ್ಟಿತೆಂದು ಬೈಯುವವರನ್ನು ನೀವು ನೋಡಿರುತ್ತೀರಿ. ರಿಪೇರಿಯಾಯಿತೆಂದು ಬೈಯುವವರನ್ನು? ನಾನು ನೋಡಿದ್ದೇನೆ. ಹಾಡುಹಗಲೇ, ಊರ ಮಂದಿಯ ಎದುರಿಗೆ ಬೈಸಿಕೊಂಡೂ ಇದ್ದೇನೆ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಗ ನಾನು ಬೀದರಿನಲ್ಲಿ ಶಾಲಾ ಇನ್‌ಸ್ಪೆಕ್ಟರ್. ಭಾಲ್ಕಿ, ಔರಾದ ಕಡೆಯ ಹಳ್ಳಿ ಶಾಲೆಗಳು ನನ್ನ ಪಾಲಿಗಿದ್ದವು. ತಿರುಗಾಟಕ್ಕೆ ಯಾರೋ ಜಾಗೀರದಾರರ ಮನೆಯಿಂದ ಕೈ ಬದಲಾಗಿ ಬಂದ ಹಳೆಯ ಇಂಗ್ಲಿಷ್ ಮೋಟರ್ ಸೈಕಲ್. ಅದರ ಮುಂದಿನ ಚಕ್ರದ ಬೇರಿಂಗು ಸವೆದು, ಉರುಳಿದರೆ ಸಾಕು, ನರಿಯ ಹಾಗೆ ಊಳಿಡುತ್ತಿತ್ತು. ಹೊಸದು ತರಿಸೋಣವೆಂದರೆ ಮೊದಲು ಮಹಾಯುದ್ಧ, ಆಮೇಲೆ ಸಂಸ್ಥಾನದ ಗಡಿ ಬಂದ್. ಸೊಲ್ಲಾಪುರದಿಂದ ಒಂದು ಮೊಳೆಯೂ ಈಚೆ ಬರುತ್ತಿರಲಿಲ್ಲ. ಪೊಲೀಸ್ ಆಕ್ಷನ್ ಮುಗಿಯಿತು, ಕಚೇರಿಯ ಬಾವುಟ ಬದಲಾಯಿತು, ಸಾಹೇಬರು ಬದಲಾದರು, ಗಡಿ ನಾಕಾ ತೆರೆದು ಕೊನೆಗೆ ನನ್ನ ಬೇರಿಂಗೂ ಬಂತು.

ನಾನೇ ಹಾಕುತ್ತೇನೆಂದು ನನ್ನ ಹಟ. ಹಳೆಯದನ್ನು ಬಡಿದು ತೆಗೆದೆ. ಹೊಸದು ಕೂರಬೇಕಾದರೆ ಚಕ್ರದ ನಡುವಿನ ಗುಂಬ ಬಿಸಿಯಾಗಬೇಕು. ಹಂಡೆಯ ಕುದಿನೀರನ್ನೆಲ್ಲ ತಂದು ಸುರಿದೆ. "ಮನಿಮಂದಿ ಜಳಕ ಬಿಟ್ಟು ಚಕ್ರಕ್ಕ ಜಳಕ ಮಾಡಿಸ್ಲಾಕತ್ತೀರೇನ್ರಿ?" ಎಂದಳು ಹೆಂಡತಿ. ಇನ್ನು ಬಿಗಿ ಮಾಡುವುದಂತೂ ನಾಜೂಕಿನ ಕೆಲಸ. ಅಲುಗಾಟ ನಿಲ್ಲುವ ತನಕ ನಟ್ಟು ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಸಡಿಲಿಸಬೇಕು. ಬಿಗಿ ಹೆಚ್ಚಾದರೆ ಕಾದು ಸುಡುತ್ತದೆ, ಕಡಿಮೆಯಾದರೆ ಚಕ್ರ ಓಲಾಡುತ್ತದೆ. ಆದರೆ ನಮ್ಮ ಓಣಿಯಲ್ಲಿ ಹಾದುಹೋಗುವ ಒಬ್ಬನಾದರೂ ಸುಮ್ಮನೆ ಹೋಗಬೇಕಲ್ಲ! ಒಬ್ಬ ನಿಂತು ಚಕ್ರ ಅಲ್ಲಾಡಿಸಿ, "ಇನ್ನಾ ಜರಾ ಬಿಗೀರಿ" ಎನ್ನುತ್ತಿದ್ದ. ಅವನ ಹಿಂದೆ ಬಂದವನು "ಭಾಳ ಬಿಗಿ ಆಗ್ಯಾದ್ರಿ" ಎನ್ನುತ್ತಿದ್ದ. ಯಾರಪ್ಪನ ಚಕ್ರ ಇದು? ಎಲ್ಲರನ್ನೂ ಗದರಿಸಿ ಓಡಿಸಿ, ನನಗೆ ಸರಿ ಕಂಡಂತೆ ಕೂರಿಸಿದೆ. ಬೆರಳಿನಿಂದ ತಟ್ಟಿದರೆ ಸಾಕು, ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ಮರುದಿನ ಭಾಲ್ಕಿ ತಾಲೂಕಿನ ಒಂದು ಹಳ್ಳಿಗೆ ಹೊರಟೆ. ಹೆಸರು ಬೇಡ. ನನ್ನ ಶಾಲೆಗಳಲ್ಲೆಲ್ಲ ಅದೇ ಮಾದರಿ: ಹೋದಾಗಲೆಲ್ಲ ಗುಡಿಸಿದ ಅಂಗಳ, ಸಾಲಾಗಿ ಕೂತ ಮಕ್ಕಳು. ಅದೆಲ್ಲ ನನ್ನ ಶಿಸ್ತಿನ ಫಲವೆಂದು ನಂಬಿದ್ದೆ. ನನ್ನ ನೌಕರಿಯಲ್ಲಿ ಹೆಮ್ಮೆಪಡಲಿಕ್ಕೆ ನನಗಿದ್ದದ್ದು ಅದೊಂದೇ. ಪೆಟ್ರೋಲು ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದು ನನ್ನ ರೂಢಿ. ಅಂದೂ ಹಾಗೆಯೇ ಮಾಡಿ ಊರು ಹೊಕ್ಕೆ.

ಶಾಲೆಗೆ ಚಿಲಕ. ಮೆಟ್ಟಿಲ ಮೇಲೆ ಒಂದು ಆಡು. ಕಟ್ಟೆಯ ಮೇಲೆ ಕೂತಿದ್ದ ಮುದುಕನನ್ನು, "ಸಾಲಿ ಯಾಕ ಮುಚ್ಯಾದ?" ಎಂದು ಕೇಳಿದೆ.

"ಇನ್‌ಸ್ಪೆಟ್ರ ಸಾಹೇಬ್ರು ಬಂದ್ರ ತೆಗೀತಾರ್ರಿ."

"ನಾನೇ ಇನ್‌ಸ್ಪೆಕ್ಟರ್!"

ಮುದುಕ ನನ್ನನ್ನೂ ಗಾಡಿಯನ್ನೂ ನೋಡಿ ನಕ್ಕ. "ಸುಳ್ಳ ಹೇಳಬ್ಯಾಡ್ರಿ. ಅವರ ಗಾಡಿ ಆ ಗುಡ್ಡದ ಮ್ಯಾಲಿಂದೇ ಒದರತದ. ಒದರಿತಂದ್ರ ಮಾಸ್ತರ್ರು ಹೊಲದಿಂದ ಓಡಿ ಬರ್ತಾರ, ಹುಡುಗರು ಗಿಡದ ಮ್ಯಾಲಿಂದ ಇಳೀತಾರ."

ಅಷ್ಟರಲ್ಲಿ ಮಾಸ್ತರರೇ ಬಂದರು. ಕೈಯಲ್ಲಿ ಕುಡುಗೋಲು, ತಲೆಯ ತುಂಬ ಜೋಳದ ಒಣಗರಿಯ ರವದಿ. ಕಾಲಿಗೆ ಬೀಳುತ್ತಾರೆಂದುಕೊಂಡೆ. ಎಲ್ಲಿಯ ಮಾತು!

"ಏನ್ರಿ ಸಾಹೇಬ್ರ ಇದು? ಹಿಂಗ ಕಳ್ಳರಂಗ ಬರೋದು ನಿಮ್ಮಂಥವರಿಗೆ ಶೋಭಾ ಕೊಡ್ತದೇನ್ರಿ? ಇಷ್ಟು ವರ್ಷ ಹೇಳಿ ಬರ್ತಿದ್ರಿ, ನಾವೂ ಮರ್ಯಾದಿ ಇಟ್ಟೀವಿ. ಒಂದಿನಾರ ಏನಾರ ಕಮ್ಮಿ ಮಾಡೀವೇನು?"

ಕೂಡಿದ ಮಂದಿ "ಖರೇ, ಖರೇ" ಎಂದರು. ನನಗೆ! ಸರ್ಕಾರಿ ಅಧಿಕಾರಿಗೆ!

ದಾರಿಯುದ್ದಕ್ಕೂ ಕುದಿಯುತ್ತ ಬಂದೆ. ಈ ಮಾಸ್ತರನನ್ನು ಮನೆಗೆ ಕಳಿಸುತ್ತೇನೆಂದು ವರದಿ ಬರೆಯಲು ಕೂತರೆ ಕೈ ಓಡಲಿಲ್ಲ. ಇಷ್ಟು ವರ್ಷ ಅದೇ ಶಾಲೆಯನ್ನು ಹೊಗಳಿ ಬರೆದವನು ಯಾರು? ಹಾಗಾದರೆ ಉಳಿದ ಶಾಲೆಗಳ ಗತಿ? ಹೆಂಡತಿಗೆ ಹೇಳಿಕೊಂಡರೆ, "ನಾಳಿ ಔರಾದ ಕಡಿ ಹೋಗಿ ನೋಡ್ರಿ, ತಾನೇ ತಿಳೀತದ" ಎಂದಳು.

ನೋಡಿಯೇ ಬಿಡುತ್ತೇನೆಂದು ಹೊರಟೆ. ಸಂತಪುರ ದಾಟಿ ಹಳ್ಳಿಯ ಇಳಿಜಾರು ಬಂತು. ಎಂಜಿನ್ ಬಂದ್ ಮಾಡಿದೆ. ಚಕ್ರ ಚೂರೂ ಸದ್ದಿಲ್ಲದೆ ಉರುಳಿತು. ದೂರದಲ್ಲಿ ಶಾಲೆ ಕಂಡಿತು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೆ ಬೀಳುವ ಮೊದಲೇ ಬ್ರೇಕು ಹಾಕಿದೆ. ಬೇವಿನ ಮರದ ಕೆಳಗೆ ನಿಂತು ಹಾರ್ನಿನ ರಬ್ಬರ್ ಗುಂಡನ್ನು ಕೈ ನೋಯುವ ತನಕ ಹಿಂಡಿದೆ. ಆಮೇಲೆ ಒಂದು ಬೀಡಿ ಸೇದಿ ಮುಗಿಸಿ, ನಿಧಾನವಾಗಿ ಊರು ಹೊಕ್ಕೆ. ಹುಡುಗರು ಏದುಸಿರು ಬಿಡುತ್ತ ಮಗ್ಗಿ ಹೇಳುತ್ತಿದ್ದರು. ಶಾಲೆ ಭೇಷಾಗಿ ನಡೆದಿದೆಯೆಂದು ಬರೆದು ರುಜು ಹಾಕಿದೆ.